ಆಡಿಟರ್ ಸ್ನೆಲ್‌ನ ಅಕ್ಷರ: ಒಂದು ಫಾಂಟ್‌ನ ಹಿಂದಿನ ಕತೆ

(1)

ಇದು ಎಂಟು ಪೋಸ್ಟ್‌ಗಳ ಸರಣಿ, ಮೊದಲೇ ಹೇಳಿಬಿಡ್ತೀನಿ. ಸೆಮಿಸ್ಟರ್ ಪರೀಕ್ಷೆ ಮುಗಿದಿದೆ, ನನಗೆ ಪುರುಸೊತ್ತಿದೆ. ನಿಮಗೂ ಇದ್ದರೆ ಸೇವ್ ಮಾಡಿಕೊಂಡು ನಿಧಾನಕ್ಕೆ ಓದಿ.

ಮೊದಲ ಫೋಟೋದಲ್ಲಿ ಇರೋದು ನಮ್ಮ ಅಕ್ಕನ ಮದುವೆ ಕಾರ್ಡ್. ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಇಂಗ್ಲಿಷ್. ಕಾರ್ಡ್ ಡಿಸೈನ್ ಮಾಡೋ ಕೆಲಸ ನನ್ನ ತಲೆಗೆ ಬಿತ್ತು, ಯಾಕಂದ್ರೆ ಮನೆಯಲ್ಲಿ "ಮೊಬೈಲ್‌ನಲ್ಲಿ ಎಲ್ಲಾ ಬರುತ್ತೆ ಇವನಿಗೆ" ಅನ್ನೋ ನಂಬಿಕೆ ಇದೆ. ಇಂಗ್ಲಿಷ್ ಮಗ್ಗುಲಿಗೆ ಆ ಬಳುಕುವ, ಒಂದಕ್ಕೊಂದು ಕೈ ಹಿಡಿದುಕೊಂಡ ಅಕ್ಷರ ಬೇಕು ಅಂತ ಅಕ್ಕನ ಹಟ. ನೂರಾರು ಮದುವೆ ಕಾರ್ಡ್‌ಗಳಲ್ಲಿ ನೀವೂ ನೋಡಿರ್ತೀರಿ. ಐಫೋನ್‌ನ ಫಾಂಟ್ ಪಟ್ಟಿಯಲ್ಲಿ ಕೆಳಗೆ ಜಾರಿಸ್ತಾ ಹೋದೆ, ಸಿಕ್ಕಿತು. ಹೆಸರು ಸ್ನೆಲ್ ರೌಂಡ್‌ಹ್ಯಾಂಡ್.

ಪ್ರಿಂಟ್ ಆಗಿ ಬಂದ ಮೊದಲ ಕಾರ್ಡನ್ನು ಅಜ್ಜನಿಗೆ ಕೊಟ್ಟೆ. ಅಜ್ಜ ಕನ್ನಡದ ಮಗ್ಗುಲು ಓದಿ, ತಿರುವಿ, ಇಂಗ್ಲಿಷ್ ಮಗ್ಗುಲನ್ನು ಕಿಟಕಿ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು.

"ಇದು ಯಾರು ಬರೆದದ್ದು?"

"ಯಾರೂ ಬರೆದಿಲ್ಲ ಅಜ್ಜ. ಫಾಂಟ್ ಅದು."

"ಯಾರೋ ಒಬ್ಬ ಬರೆದೇ ಇರಬೇಕಲ್ಲೋ ಮಾರಾಯ."

ನಾನು ನಕ್ಕು ಸುಮ್ಮನಾದೆ. ಆದರೆ ಎರಡು ವಾರ ಕಳೆದ ಮೇಲೆ ಆಡಿಟಿಂಗ್ ಪೇಪರ್‌ಗೆ ಓದ್ತಾ ಇರುವಾಗ, "ಲೆಕ್ಕಪರಿಶೋಧನೆಯ ಇತಿಹಾಸ" ಅನ್ನೋ, ಎಲ್ಲರೂ ಬಿಟ್ಟು ಹಾರುವ ಮೊದಲ ಅಧ್ಯಾಯದ ನೋಟ್ಸ್‌ನಲ್ಲಿ ಒಂದು ಹೆಸರು ಕಂಡಿತು: ಚಾರ್ಲ್ಸ್ ಸ್ನೆಲ್, ಲಂಡನ್, ಸೌತ್ ಸೀ ಕಂಪನಿ ಹಗರಣ.

ಅದೇ ಸ್ನೆಲ್. ಅಜ್ಜ ಹೇಳಿದ್ದೇ ಸರಿ. ಯಾರೋ ಒಬ್ಬ ಬರೆದಿದ್ದ, ಅವನು ನಮ್ಮ ಕಾಮರ್ಸ್‌ನವನು.

(2)

ಚಾರ್ಲ್ಸ್ ಸ್ನೆಲ್ ಹುಟ್ಟಿದ್ದು 1667ರಲ್ಲಿ, ತೀರಿಕೊಂಡದ್ದು 1733ರಲ್ಲಿ. ವೃತ್ತಿ ಏನು ಅಂದ್ರೆ "ರೈಟಿಂಗ್ ಮಾಸ್ಟರ್", ಅಕ್ಷರದ ಮೇಷ್ಟ್ರು. ಇದನ್ನು ಕೇಳಿ ನಿಮಗೆ ಬಣ್ಣದ ಶಾಯಿ, ಚಿತ್ತಾರ, ರಾಜರ ಆಸ್ಥಾನ ನೆನಪಾದರೆ, ತಡೀರಿ. ಆ ಕಾಲದ ಲಂಡನ್‌ನಲ್ಲಿ ಅಕ್ಷರದ ಮೇಷ್ಟ್ರು ಅಂದ್ರೆ ಹೆಚ್ಚುಕಮ್ಮಿ ಇವತ್ತಿನ ಟ್ಯಾಲಿ ಕ್ಲಾಸ್ ನಡೆಸುವವರ ಥರ. ವ್ಯಾಪಾರಿಗಳ ಮಕ್ಕಳು, ಗುಮಾಸ್ತರಾಗಬೇಕು ಅನ್ನೋ ಹುಡುಗರು ಅವನ ಹತ್ತಿರ ಬರ್ತಿದ್ರು. ಒಂದೇ ಮೇಷ್ಟ್ರು ಎರಡು ವಿಷಯ ಹೇಳಿಕೊಡ್ತಿದ್ದ: ಕೈಬರಹ ಮತ್ತು ಬುಕ್‌ಕೀಪಿಂಗ್. ಸ್ನೆಲ್ 1694ರಲ್ಲಿ ಅಕ್ಷರದ ಮೇಲೆ "ಪೆನ್‌ಮ್ಯಾನ್ಸ್ ಟ್ರೆಷರಿ ಓಪನ್ಡ್" ಎಂಬ ಪುಸ್ತಕ ತಂದ, 1701ರಲ್ಲಿ ಲೆಕ್ಕ ಬರೆಯುವ ನಿಯಮಗಳ ಪುಸ್ತಕ ತಂದ.

ಈ ಎರಡೂ ಯಾಕೆ ಒಟ್ಟಿಗೆ? ನೀವು ಕಾಮರ್ಸ್‌ನವರಾದರೆ ತಕ್ಷಣ ಹೊಳೆಯುತ್ತೆ. ಕಂಪ್ಯೂಟರ್ ಇಲ್ಲ, ಟೈಪ್‌ರೈಟರ್ ಇಲ್ಲ. ಕಿರ್ದಿ ಬರೆಯಬೇಕು, ಕಿರ್ದಿಯಿಂದ ಲೆಡ್ಜರ್‌ಗೆ ಏರಿಸಬೇಕು, ಪ್ರತಿ ಕಾಗದದ ನಕಲು ಇಟ್ಟುಕೊಳ್ಳಬೇಕು. ಎಲ್ಲವೂ ಕೈಯಲ್ಲಿ. ಒಬ್ಬ ಗುಮಾಸ್ತ ಬರೆದದ್ದನ್ನು ಇನ್ನೊಬ್ಬ ಓದಬೇಕು. ಲಂಡನ್‌ನಲ್ಲಿ ಬರೆದ ಕಾಗದವನ್ನು ಆರು ತಿಂಗಳ ನಂತರ ಹಡಗು ಇಳಿಯುವ ಊರಲ್ಲಿ ಯಾರೋ ಅಪರಿಚಿತ ಓದಬೇಕು. 5 ಅಂತ ಬರೆದದ್ದು 3 ಅಂತ ಕಂಡರೆ ಮುಗೀತು.

ಅದಕ್ಕೇ ಬೇಕಾದದ್ದು ಎರಡು ಗುಣ. ಬೇಗ ಬರೆಯಲಿಕ್ಕೆ ಬರಬೇಕು, ಆದರೆ ಯಾರಿಗೂ ತಪ್ಪಿಲ್ಲದೆ ಓದಲಿಕ್ಕೆ ಬರಬೇಕು. ಸಾಮಾನ್ಯವಾಗಿ ಇವೆರಡೂ ಒಟ್ಟಿಗೆ ಇರಲ್ಲ (ನಮ್ಮ ಡಾಕ್ಟರ್ ಚೀಟಿ ನೋಡಿ). ಈ ಜಗಳಕ್ಕೆ ಇಂಗ್ಲಿಷ್ ವ್ಯಾಪಾರಿಗಳು ಕಂಡುಕೊಂಡ ರಾಜಿಯೇ ರೌಂಡ್ ಹ್ಯಾಂಡ್, ಅಂದ್ರೆ ದುಂಡು ಕೈಬರಹ.

ಸ್ನೆಲ್ ಸ್ವಭಾವದಲ್ಲೇ ಲೆಕ್ಕಿಗ ಅನಿಸುತ್ತೆ ನನಗೆ. ಅವನ ಜತೆಯ ಮೇಷ್ಟ್ರುಗಳು ಒಂದೇ ಗೆರೆಯಲ್ಲಿ ಹಕ್ಕಿ, ಮೀನು, ದೇವದೂತರನ್ನೆಲ್ಲ ಸುತ್ತಿ ತಮ್ಮ ಕೈಚಳಕ ತೋರಿಸ್ತಿದ್ರು. ಇವನಿಗೆ ಅದು ಕಂಡರೆ ಆಗ್ತಿರಲಿಲ್ಲ. ಅಕ್ಷರ ಅಂದ್ರೆ ಅಕ್ಷರ, ಅದಕ್ಕೆ ಅಳತೆ ಬೇಕು, ಅಷ್ಟೇ. 1714ರಲ್ಲಿ ದುಂಡು ಬರಹದ ಪ್ರತಿ ಅಕ್ಷರಕ್ಕೂ ಇಷ್ಟು ಅಗಲ, ಇಷ್ಟು ಎತ್ತರ ಅಂತ ಕಟ್ಟುನಿಟ್ಟಾದ ನಿಯಮಗಳನ್ನೇ ಅಚ್ಚು ಹಾಕಿಸಿದ. ಜಾನ್ ಕ್ಲಾರ್ಕ್ ಎಂಬ ಇನ್ನೊಬ್ಬ ಮೇಷ್ಟ್ರ ಜತೆ ಈ ವಿಷಯಕ್ಕೆ ಅಚ್ಚಿನಲ್ಲೇ ಜಗಳ ಆಡಿದ. ನಮ್ಮ ಕಮೆಂಟ್ ಸೆಕ್ಷನ್ ಜಗಳ ಹೊಸದೇನಲ್ಲ ಬಿಡಿ.

(3)

ಈಗ ಅಕ್ಷರವನ್ನೇ ನೋಡೋಣ. ಮೂರನೇ ಫೋಟೋ ಹಿಗ್ಗಿಸಿ.

ಮೊದಲು ಗಮನಿಸಬೇಕಾದ್ದು ದಪ್ಪ-ಸಣ್ಣ. ಗೆರೆ ಕೆಳಗೆ ಇಳಿಯುವಾಗ ದಪ್ಪ, ಮೇಲೆ ಹತ್ತುವಾಗ ಕೂದಲೆಳೆಯಷ್ಟು ತೆಳು. ಅಲಂಕಾರಕ್ಕೆ ಹಾಗೆ ಮಾಡಿದ್ದಾರೆ ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ಹಕ್ಕಿಯ ಗರಿಯ ಲೇಖನಿಯ ತುದಿಯಲ್ಲಿ ಒಂದು ಸೀಳು ಇರುತ್ತೆ. ಕೆಳಗೆ ಎಳೆಯುವಾಗ ಒತ್ತಿದರೆ ಸೀಳು ಬಾಯಿ ಬಿಡುತ್ತೆ, ಶಾಯಿ ಹೆಚ್ಚು ಇಳಿಯುತ್ತೆ, ಗೆರೆ ದಪ್ಪ ಆಗುತ್ತೆ. ಮೇಲೆ ತಳ್ಳುವಾಗ ಒತ್ತಿದರೆ ತುದಿ ಕಾಗದಕ್ಕೆ ಚುಚ್ಚಿ ಶಾಯಿ ಸಿಡಿಯುತ್ತೆ. ಅದಕ್ಕೇ ಹಗುರ, ಅದಕ್ಕೇ ತೆಳು.

ಎರಡನೆಯದು ಓರೆ. ಎಲ್ಲಾ ಅಕ್ಷರ ಬಲಕ್ಕೆ ಒಂದೇ ಕೋನದಲ್ಲಿ ವಾಲಿವೆ, ನೆಲದಿಂದ ಅಳೆದರೆ ಸುಮಾರು 55 ಡಿಗ್ರಿ. ಕಾಗದ ಸ್ವಲ್ಪ ಎಡಕ್ಕೆ ತಿರುಗಿಸಿ, ಮೊಣಕೈ ಮೇಜಿನ ಮೇಲಿಟ್ಟು, ಬಲಗೈ ಸುಮ್ಮನೆ ಚಲಿಸಿದರೆ ಹಾಗೇ ವಾಲುತ್ತೆ.

ಮೂರನೆಯದೇ ಮುಖ್ಯ: ಜೋಡಣೆ. ಒಂದು ಪದ ಮುಗಿಯುವವರೆಗೆ ಲೇಖನಿ ಎತ್ತುವ ಹಾಗಿಲ್ಲ. ಒಂದು ಅಕ್ಷರದ ಬಾಲವೇ ಮುಂದಿನ ಅಕ್ಷರದ ತಲೆ. ಅಜ್ಜ ಮಿಡ್ಲ್ ಸ್ಕೂಲಿನಲ್ಲಿ ಇದನ್ನು ಕಲಿತದ್ದು ನಿಬ್ಬಿನ ಪೆನ್ನನ್ನು ಶಾಯಿಯಲ್ಲಿ ಅದ್ದಿ ಅದ್ದಿ. ಅವರ ಮೇಷ್ಟ್ರು, ಪದದ ಮಧ್ಯೆ ಪೆನ್ನು ಎತ್ತಿದರೆ ಬೆರಳ ಗಂಟಿಗೆ ಸ್ಕೇಲ್‌ನಲ್ಲಿ ಒಂದು ಕೊಡ್ತಿದ್ರಂತೆ. ನೀವು ನಾಲ್ಕು ಗೆರೆ ಕಾಪಿಯಲ್ಲಿ ಕರ್ಸಿವ್ ಬರೆದಿದ್ರೆ, ಒಂದು ಪುಟ ತುಂಬಾ ಬರೀ ಸೊನ್ನೆ, ಬರೀ ಕೊಕ್ಕೆ ಬರೆಸಿದ್ದು ನೆನಪಿರಬಹುದು. ಆ ಶಿಕ್ಷೆಯ ಮೂಲ ಈ ಲಂಡನ್ ಮೇಷ್ಟ್ರುಗಳ ಕ್ಲಾಸಿನಲ್ಲೇ ಇದೆ.

ಈ ಅಕ್ಷರಕ್ಕೆ ಇನ್ನೊಂದು ಹೆಸರು ಕಾಪರ್‌ಪ್ಲೇಟ್. ತಾಮ್ರಕ್ಕೂ ಪೆನ್ನಿಗೂ ಏನು ಸಂಬಂಧ? ಮೇಷ್ಟ್ರು ಬರೆದ ಮಾದರಿಯನ್ನು ಪುಸ್ತಕವಾಗಿ ಮಾರಬೇಕಲ್ಲ, ಅಚ್ಚಿನ ಮೊಳೆಯಲ್ಲಿ ಈ ಬಳುಕು ಬರಲ್ಲ. ಹಾಗಾಗಿ ಕೆತ್ತನೆಗಾರ ತಾಮ್ರದ ತಗಡಿನ ಮೇಲೆ, ಕನ್ನಡಿಯಲ್ಲಿ ಕಂಡಂತೆ ಉಲ್ಟಾ, ಉಕ್ಕಿನ ಉಳಿಯಿಂದ ಕೆತ್ತುತ್ತಿದ್ದ. ಆ ಗೀರುಗಳಿಗೆ ಶಾಯಿ ತುಂಬಿ, ಕಾಗದ ಒತ್ತಿ ಅಚ್ಚು ಹಾಕ್ತಿದ್ರು. ಇದರಲ್ಲಿ ದೊಡ್ಡ ಹೆಸರು ಜಾರ್ಜ್ ಬಿಕ್‌ಹ್ಯಾಮ್. ಅವನ "ಯೂನಿವರ್ಸಲ್ ಪೆನ್‌ಮ್ಯಾನ್" 1733ರಿಂದ 1741ರವರೆಗೆ ಕಂತು ಕಂತಾಗಿ ಬಂತು, ಒಟ್ಟು 212 ತಗಡು, 25 ಮೇಷ್ಟ್ರುಗಳ ಕೈಬರಹ.

ಇಲ್ಲೊಂದು ತಮಾಷೆ ಇದೆ. ಉಳಿಯಲ್ಲಿ ಕೆತ್ತಿದ ಗೆರೆ, ಗರಿಯ ಲೇಖನಿಯಲ್ಲಿ ಬರೆದದ್ದಕ್ಕಿಂತ ತೆಳು, ನುಣುಪು. ಮಕ್ಕಳು ಆ ಪುಸ್ತಕ ನೋಡಿ ತಿದ್ದುತ್ತಿದ್ರು. ಅಂದ್ರೆ ಕೈ ಬರೆದದ್ದನ್ನು ಉಳಿ ನಕಲು ಮಾಡಿತು, ಆಮೇಲೆ ಉಳಿಯನ್ನು ಕೈ ನಕಲು ಮಾಡೋಕೆ ಒದ್ದಾಡಿತು. ಇನ್‌ಸ್ಟಾ ಫಿಲ್ಟರ್ ನೋಡಿ ಮುಖ ತಿದ್ದಿಕೊಂಡ ಹಾಗೆ. 1820ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆಗಳಲ್ಲಿ ಚೂಪು ಉಕ್ಕಿನ ನಿಬ್ಬು ಹೇರಳವಾಗಿ ತಯಾರಾಗೋಕೆ ಶುರುವಾದ ಮೇಲೆ ಕೈಗೂ ಆ ತೆಳು ಗೆರೆ ಸುಲಭ ಆಯ್ತು.

(4)

ಇವತ್ತಿನ ಪೋಸ್ಟ್ ಆಡಿಟಿಂಗ್ ಓದುವವರಿಗೆ. ಬೇರೆಯವರೂ ಇರಿ, ಮಜಾ ಇದೆ.

ಸೌತ್ ಸೀ ಕಂಪನಿ ಹುಟ್ಟಿದ್ದು 1711ರಲ್ಲಿ. ಹೆಸರಿಗೆ ದಕ್ಷಿಣ ಅಮೆರಿಕದ ವ್ಯಾಪಾರ, ನಿಜವಾದ ಆಟ ಸರ್ಕಾರದ ಸಾಲವನ್ನು ಷೇರಾಗಿ ಬದಲಾಯಿಸೋದು. 1720ರ ಜನವರಿಯಲ್ಲಿ 128 ಪೌಂಡ್ ಇದ್ದ ಷೇರು, ಬೇಸಿಗೆ ಹೊತ್ತಿಗೆ 1000ದ ಹತ್ತಿರ ಹೋಯ್ತು. ವರ್ಷ ಮುಗಿಯುವಾಗ 200ಕ್ಕೂ ಕೆಳಗೆ. ಮನೆ ಮಾರಿಕೊಂಡವರು, ಮಾನ ಕಳಕೊಂಡವರು ಎಷ್ಟೋ ಜನ. ಐಸಾಕ್ ನ್ಯೂಟನ್ ಕೂಡ ದುಡ್ಡು ಕಳಕೊಂಡ. ಗುರುತ್ವಾಕರ್ಷಣೆ ಗೊತ್ತಿದ್ದವನಿಗೇ ಷೇರು ಬೀಳೋದು ಗೊತ್ತಾಗಲಿಲ್ಲ ಅನ್ನೋ ಜೋಕ್ ನಮ್ಮ ಕ್ಲಾಸಿನಲ್ಲಿ ಪ್ರತಿ ವರ್ಷ ಬರುತ್ತೆ.

ಸಂಸತ್ತು ಒಂದು ರಹಸ್ಯ ಸಮಿತಿ ಮಾಡಿ ಲೆಕ್ಕದ ಪುಸ್ತಕಗಳನ್ನು ಜಾಲಾಡಿಸಿತು. ಆಗ ಹೊರಬಿದ್ದದ್ದು ಲಂಚದ ಕತೆ. ಮಂತ್ರಿಗಳಿಗೆ, ಅಧಿಕಾರಿಗಳಿಗೆ ದುಡ್ಡು ಕೊಡದೆಯೇ ಷೇರು ಬರೆದುಕೊಟ್ಟಿದ್ದರು. ಬೆಲೆ ಏರಿದಾಗ ಮಾರಿದ ಹಾಗೆ ತೋರಿಸಿ ಲಾಭವನ್ನು ಮಾತ್ರ ಜೇಬಿಗೆ ಹಾಕೋದು. ಜರ್ನಲ್ ಎಂಟ್ರಿ ಇದೆ, ನಗದು ಇಲ್ಲ. ಇದನ್ನು ನಡೆಸಿಕೊಟ್ಟದ್ದು ಸ್ವೋರ್ಡ್ ಬ್ಲೇಡ್ ಎಂಬ ಬ್ಯಾಂಕಿನ ಪಾಲುದಾರರು. ಅವರಲ್ಲಿ ಒಬ್ಬ ಜೇಕಬ್ ಸಾಬ್ರಿಡ್ಜ್, ಸೌತ್ ಸೀ ಕಂಪನಿಯ ನಿರ್ದೇಶಕನೂ ಹೌದು.

ಖಜಾನೆಯ ಕಾರ್ಯದರ್ಶಿ ಚಾರ್ಲ್ಸ್ ಸ್ಟ್ಯಾನ್‌ಹೋಪ್ ಹೆಸರಿನಲ್ಲಿ ಹೀಗೆ 50,000 ಪೌಂಡಿನ ಷೇರು, ಅದರಿಂದ 2,50,000 ಪೌಂಡಿನ ಲಾಭ ಇದ್ದದ್ದು ಪುಸ್ತಕದಲ್ಲಿ ಕಂಡಿತು. ಕಂಡಿತು ಅಂದ್ರೆ, ಪೂರ್ತಿ ಕಾಣಲಿಲ್ಲ. ಯಾರೋ ಆ ಹೆಸರನ್ನು ಕೆರೆದು, ತಿದ್ದಿ "ಸ್ಟ್ಯಾಂಗೇಪ್" ಅಂತ ಮಾಡಿದ್ದರು.

ಪೆನ್ನು ಇದ್ದರೆ ಸ್ಟ್ಯಾನ್‌ಹೋಪ್ ಅಂತ ಇಂಗ್ಲಿಷ್ ಕರ್ಸಿವ್‌ನಲ್ಲಿ ಬರೆದು ನೋಡಿ. ಮಧ್ಯದ "ಎಚ್" ಅಕ್ಷರದ ಮೇಲಿನ ಕೊಂಬು ಕೆರೆದು, ಕೆಳಗೆ ಒಂದು ಬಾಲ ಎಳೆದು "ಜಿ" ಮಾಡಬಹುದು. ದುಂಡಗಿನ "ಓ"ಗೆ ಬಲಕ್ಕೆ ಒಂದು ಸಣ್ಣ ಗೆರೆ ತಾಗಿಸಿದರೆ "ಎ". ಎರಡೇ ಅಕ್ಷರ, ಎರಡೂವರೆ ಲಕ್ಷ ಪೌಂಡು ಬೇರೊಬ್ಬನ ತಲೆಗೆ. ಆ ಬೇರೊಬ್ಬ ಭೂಮಿ ಮೇಲೆ ಇಲ್ಲವೇ ಇಲ್ಲ. ಲೆಡ್ಜರ್‌ನಲ್ಲಿ ಕೆರೆದು ತಿದ್ದಬಾರದು, ತಪ್ಪಾದರೆ ಗೆರೆ ಹೊಡೆದು ಪಕ್ಕದಲ್ಲಿ ಬರೆದು ಸಹಿ ಹಾಕಬೇಕು ಅಂತ ನಮಗೆ ಹೇಳಿಕೊಡ್ತಾರಲ್ಲ, ಯಾಕೆ ಅಂತ ಈಗ ಗೊತ್ತಾಯ್ತಾ?

ಸ್ಟ್ಯಾನ್‌ಹೋಪ್ ಕೊನೆಗೆ ಸಂಸತ್ತಿನಲ್ಲಿ ಬಚಾವಾದ, ಬರೀ ಮೂರು ಮತಗಳ ಅಂತರದಲ್ಲಿ. ಸಾಬ್ರಿಡ್ಜ್‌ನನ್ನು ಸಂಸತ್ತಿನಿಂದ ಹೊರಹಾಕಿದರು.

ಈ ಸಾಬ್ರಿಡ್ಜ್ ಕಂಪನಿಯ ಪುಸ್ತಕಗಳನ್ನು ಪರಿಶೀಲಿಸಿ ವರದಿ ಬರೆದವನೇ ನಮ್ಮ ಸ್ನೆಲ್. ವರದಿಯ ಮೇಲೆ ತನ್ನನ್ನು ಅವನು ಪರಿಚಯಿಸಿಕೊಂಡದ್ದು ಹೀಗೆ: ಅಕ್ಷರದ ಮೇಷ್ಟ್ರು ಮತ್ತು ಲೆಕ್ಕಿಗ, ಫಾಸ್ಟರ್ ಲೇನ್, ಲಂಡನ್. ಹೊರಗಿನ ಲೆಕ್ಕಿಗನೊಬ್ಬ ಒಂದು ಕಂಪನಿಯ ಪುಸ್ತಕ ನೋಡಿ ಬರೆದ ತೀರಾ ಹಳೆಯ ವರದಿಗಳಲ್ಲಿ ಒಂದು ಅಂತ ಅದು ನಮ್ಮ ಆಡಿಟಿಂಗ್ ಪಾಠದಲ್ಲಿ ಬರುತ್ತೆ. ಅಕ್ಷರದ ಅಳತೆ ಗೊತ್ತಿದ್ದವನಿಗೆ ಪುಸ್ತಕದಲ್ಲಿ ಬೇರೆ ಕೈ ಆಡಿದ್ದು ಗೊತ್ತಾಗದೇ ಇರುತ್ತಾ, ಹೇಳಿ. ಅಕ್ಷರದ ಮೇಷ್ಟ್ರು ಆಡಿಟರ್ ಆದದ್ದು ನನಗಂತೂ ಆಶ್ಚರ್ಯ ಅನಿಸಲಿಲ್ಲ.

(5)

ಇದು ಚಿಕ್ಕ ಪೋಸ್ಟ್.

ಈ ಅಕ್ಷರ ಎಲ್ಲೆಲ್ಲಿಗೆ ಹೋಯ್ತು? ಮೊದಲು ಕೋರ್ಟಿಗೆ. ಅಲ್ಲಿವರೆಗೆ ಇಂಗ್ಲೆಂಡಿನ ಕೋರ್ಟ್ ಕಾಗದಗಳು ಲ್ಯಾಟಿನ್‌ನಲ್ಲಿ, ವಕೀಲರಿಗೆ ಮಾತ್ರ ಓದಲಿಕ್ಕೆ ಬರುವ ವಿಚಿತ್ರ ಬರಹದಲ್ಲಿ ಇರ್ತಿದ್ವು. 1733ರಿಂದ ಜಾರಿಗೆ ಬಂದ ಕಾನೂನು, ಇಂಗ್ಲಿಷ್‌ನಲ್ಲೇ, ಎಲ್ಲರೂ ಓದುವಂಥ ಕೈಬರಹದಲ್ಲೇ ಬರೆಯಬೇಕು ಅಂದಿತು. ಕಕ್ಷಿದಾರ ತನ್ನ ಕೇಸನ್ನು ತಾನೇ ಓದಬಹುದು ಅನ್ನೋದು ಸಣ್ಣ ವಿಷಯ ಅಲ್ಲ.

ಆಮೇಲೆ ಹಡಗು ಹತ್ತಿ ಇಲ್ಲಿಗೂ ಬಂತು. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಅತಿ ಕೆಳಗಿನ ಹುದ್ದೆಯ ಹೆಸರೇ "ರೈಟರ್". ಕಲ್ಕತ್ತದ ರೈಟರ್ಸ್ ಬಿಲ್ಡಿಂಗ್ ಅವರದ್ದೇ. ಅರ್ಜಿ ಹಾಕುವ ಹುಡುಗ, ಕೈಬರಹ ಮತ್ತು ವ್ಯಾಪಾರದ ಲೆಕ್ಕ ಕಲಿತಿದ್ದಾನೆ ಅಂತ ಮೇಷ್ಟ್ರ ಸರ್ಟಿಫಿಕೇಟ್ ತರಬೇಕಿತ್ತು. ನಮ್ಮ ಪೊಲೀಸ್ ಸ್ಟೇಷನ್‌ಗಳಲ್ಲಿ ಕಾಗದಪತ್ರ ನೋಡಿಕೊಳ್ಳೋರನ್ನು ಇವತ್ತಿಗೂ "ರೈಟರ್" ಅಂತಲೇ ಕರೀತಾರೆ, ಗಮನಿಸಿದ್ದೀರಾ?

ಅಮೆರಿಕದಲ್ಲಿ ಪ್ಲಾಟ್ ರೋಜರ್ಸ್ ಸ್ಪೆನ್ಸರ್ ಎಂಬ ಮೇಷ್ಟ್ರು (1800–1864) ಇದನ್ನೇ ಇನ್ನಷ್ಟು ಹಗುರ, ಇನ್ನಷ್ಟು ವೇಗ ಮಾಡಿ ಸ್ಪೆನ್ಸೇರಿಯನ್ ಅಂತ ಹಬ್ಬಿಸಿದ. ವ್ಯಾಪಾರ ಕಲಿಸುವ ಕಾಲೇಜುಗಳಲ್ಲಿ ಅದೇ ಪಾಠ. 1886ರಲ್ಲಿ ಅಟ್ಲಾಂಟಾದಲ್ಲಿ ಒಬ್ಬ ಔಷಧಿ ವ್ಯಾಪಾರಿ ಹೊಸ ಪಾನಕ ತಯಾರಿಸಿದಾಗ ಅದಕ್ಕೆ ಹೆಸರಿಟ್ಟು, ಆ ಹೆಸರನ್ನು ತಾನು ಕಲಿತ ಸ್ಪೆನ್ಸೇರಿಯನ್‌ನಲ್ಲಿ ಬರೆದುಕೊಟ್ಟವನು ಅವನ ಪಾಲುದಾರ ಫ್ರಾಂಕ್ ರಾಬಿನ್ಸನ್. ಪಾನಕ ಕೋಕಾ-ಕೋಲಾ. ರಾಬಿನ್ಸನ್ ಆ ಅಂಗಡಿಯ ಬುಕ್‌ಕೀಪರ್.

ಹೌದು, ಲೋಕದಲ್ಲೇ ಅತಿ ಹೆಚ್ಚು ಜನ ಗುರುತಿಸುವ ಕರ್ಸಿವ್ ಅಕ್ಷರವನ್ನು ಬರೆದವನೂ ಒಬ್ಬ ಲೆಕ್ಕ ಬರೆಯುವವನೇ. ಬಿ.ಕಾಂ.ನವರು ಕಾಲರ್ ಎತ್ತಿಕೊಳ್ಳಬಹುದು.

(6)

ಈಗ ಫಾಂಟ್. ಕೈಬರಹವನ್ನು ಅಚ್ಚಿನ ಮೊಳೆ ಮಾಡೋದು ಎಷ್ಟು ಕಷ್ಟ ಅಂತ ಯೋಚಿಸಿ.

ಸೀಸದ ಮೊಳೆ ಅಂದ್ರೆ ಒಂದು ಚೌಕದ ಕಂಬ, ತುದಿಯಲ್ಲಿ ಅಕ್ಷರ. ಕಂಬದ ಪಕ್ಕ ಕಂಬ ಜೋಡಿಸಿದರೆ ಪದ. ನೆಟ್ಟಗೆ ನಿಂತ, ಬಿಡಿ ಬಿಡಿ ಅಕ್ಷರಕ್ಕೆ ಇದು ಚೆನ್ನ. ಆದರೆ ಓರೆಯಾಗಿ ವಾಲಿ, ಪಕ್ಕದ ಅಕ್ಷರದ ಜಾಗಕ್ಕೆ ಕೈ ಚಾಚುವ ಅಕ್ಷರ? ಆ ಚಾಚಿದ ಭಾಗ ಕಂಬದಿಂದ ಹೊರಗೆ ಗಾಳಿಯಲ್ಲಿ ನಿಲ್ಲಬೇಕು. ಪ್ರೆಸ್ಸಿನ ಒತ್ತಡಕ್ಕೆ ಪಟ್ ಅಂತ ಮುರಿಯುತ್ತೆ. ಮುರಿಯದಿದ್ದರೂ ಎರಡು ಅಕ್ಷರ ಸೇರುವಲ್ಲಿ ಒಂದು ಸಣ್ಣ ಬಿರುಕು ಕಾಣುತ್ತೆ.

ಪ್ರಯತ್ನ ಹಳೆಯದೇ. 1501ರಲ್ಲಿ ವೆನಿಸ್‌ನ ಆಲ್ಡಸ್ ಮನೂಷಿಯಸ್ ಕಿಸೆಯಲ್ಲಿ ಹಿಡಿಯುವ ಪುಸ್ತಕಗಳಿಗಾಗಿ ಫ್ರಾಂಚೆಸ್ಕೊ ಗ್ರಿಫೊ ಕೈಯಲ್ಲಿ ವಾಲಿದ ಮೊಳೆ ಕೆತ್ತಿಸಿದ. ಅದೇ ನಮ್ಮ ವರ್ಡ್‌ನ ಇಟಾಲಿಕ್. ಅದು ವಾಲುತ್ತೆ, ಆದರೆ ಪೂರ್ತಿ ಕೂಡಿಕೊಳ್ಳಲ್ಲ. 1557ರಲ್ಲಿ ಫ್ರಾನ್ಸ್‌ನ ಲಿಯೋನ್‌ನಲ್ಲಿ ರೊಬೆರ್ ಗ್ರಾಂಜೋ ತನ್ನ ದೇಶದ ಕೈಬರಹವನ್ನೇ ಮೊಳೆ ಮಾಡಿದ. ಮಕ್ಕಳಿಗೆ ಸಭ್ಯತೆ ಕಲಿಸುವ ಪುಸ್ತಕಗಳಿಗೆ ಅದನ್ನು ಬಳಸಿದ್ದರಿಂದ ಆ ಅಕ್ಷರಕ್ಕೇ "ಸಿವಿಲಿಟೆ" ಅಂತ ಹೆಸರು ಬಿತ್ತು. ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಫಿರ್ಮ್ಯಾಂ ದಿದೋ, ಕಂಬವನ್ನೇ ಓರೆ ಮಾಡಿ, ಅಕ್ಷರಗಳನ್ನು ತುಂಡು ತುಂಡು ಮಾಡಿ ಜೋಡಿಸುವ ಉಪಾಯ ಹೂಡಿದ. ಸುಂದರ, ಆದರೆ ಮೊಳೆ ಜೋಡಿಸುವವನ ಗತಿ ದೇವರಿಗೇ ಪ್ರೀತಿ.

ಬಿಡುಗಡೆ ಸಿಕ್ಕಿದ್ದು 1960ರ ದಶಕದಲ್ಲಿ, ಸೀಸ ಹೋಗಿ ಫಿಲ್ಮ್ ಬಂದಾಗ. ಫೋಟೋ ಟೈಪ್‌ಸೆಟ್ಟಿಂಗ್‌ನಲ್ಲಿ ಅಕ್ಷರ ಅಂದ್ರೆ ಬೆಳಕು. ಬೆಳಕಿಗೆ ಕಂಬ ಇಲ್ಲ, ಒಂದರ ಮೇಲೊಂದು ಬೀಳಬಹುದು, ಮುರಿಯೋ ಮಾತೇ ಇಲ್ಲ. ಆಗ ಲೈನೋಟೈಪ್ ಕಂಪನಿಗೆ ಕೆಲಸ ಮಾಡುತ್ತಿದ್ದ ಮ್ಯಾಥ್ಯೂ ಕಾರ್ಟರ್, ಈ ಹೊಸ ಯಂತ್ರಕ್ಕೆ ಯಾವ ಅಕ್ಷರ ಹಿಂದೆ ಸಾಧ್ಯವೇ ಇರಲಿಲ್ಲವೋ ಅದನ್ನೇ ಮಾಡೋಣ ಅಂತ ಹೊರಟ. ಸ್ನೆಲ್‌ನ ಬರಹವನ್ನು ಮಾದರಿ ಇಟ್ಟುಕೊಂಡು, 1966ರಲ್ಲಿ ಸ್ನೆಲ್ ರೌಂಡ್‌ಹ್ಯಾಂಡ್ ತಂದ. ಯಾವ ಅಕ್ಷರದ ಪಕ್ಕ ಯಾವುದು ಬಂದರೂ ಬಾಲ ಮತ್ತು ತಲೆ ಒಂದೇ ಎತ್ತರದಲ್ಲಿ ಸಂಧಿಸಬೇಕು, ಇದರ ಗುಟ್ಟೇ ಅದು. ಅಕ್ಷರ ಅಕ್ಷರಕ್ಕೂ ಅಳತೆ ಕಟ್ಟಿದ್ದ ಸ್ನೆಲ್ ಇದಕ್ಕೆ ಹೇಳಿ ಮಾಡಿಸಿದ ಮನುಷ್ಯ. ಹಕ್ಕಿ ಮೀನು ಬಿಡಿಸುತ್ತಿದ್ದವರ ಅಕ್ಷರವಾಗಿದ್ದರೆ ಈ ಕೆಲಸ ಇಷ್ಟು ಸಲೀಸಾಗಿ ಆಗ್ತಿರಲಿಲ್ಲ ಅಂತ ನನ್ನ ಊಹೆ.

ಇದೇ ಕಾರ್ಟರ್ ಆಮೇಲೆ ವರ್ಡಾನ, ಜಾರ್ಜಿಯ ಫಾಂಟ್‌ಗಳನ್ನೂ ಮಾಡಿದ್ದು. ಅವನ ಅಕ್ಷರ ಓದದವರು ಕಂಪ್ಯೂಟರ್ ಮುಟ್ಟಿದವರಲ್ಲಿ ಯಾರೂ ಇಲ್ಲ.

(7)

ಎಲ್ಲಿ ಬಳಸಬೇಕು, ಎಲ್ಲಿ ಬಾರದು. ನನ್ನ ಮಾನ ಕಳೆದ ಕತೆಯಿಂದಲೇ ಶುರು ಮಾಡ್ತೀನಿ.

ಕಾರ್ಡಿನ ಮೊದಲ ಪ್ರೂಫ್‌ನಲ್ಲಿ, ದೊಡ್ಡಪ್ಪ, ಸೋದರಮಾವಂದಿರ ಹೆಸರು ಎದ್ದು ಕಾಣಲಿ ಅಂತ ಎಲ್ಲವನ್ನೂ ಕ್ಯಾಪಿಟಲ್‌ನಲ್ಲಿ ಹಾಕಿದ್ದೆ. ಕರ್ಸಿವ್ ಕ್ಯಾಪಿಟಲ್ ಅಂದ್ರೆ ಒಂದೊಂದೂ ಮೆರವಣಿಗೆಯ ಆನೆ. ಪದದ ಮುಂದೆ ಒಂದು ಇರಬೇಕು, ಹಿಂದೆ ಸಣ್ಣವು ಸಾಲಾಗಿ ಬರಬೇಕು. ಹದಿನೈದು ಆನೆ ಒಂದೇ ಗಲ್ಲಿಗೆ ನುಗ್ಗಿಸಿದರೆ ಹೇಗಿರುತ್ತೆ? ದೊಡ್ಡಪ್ಪ ತಮ್ಮ ಹೆಸರನ್ನೇ ಹುಡುಕಿ ಹುಡುಕಿ, "ನಂದು ಬಿಟ್ಟುಹೋಗಿದೆಯಲ್ಲ" ಅಂತ ಮುಖ ಊದಿಸಿಕೊಂಡರು. ಅವರ ಹೆಸರು ಮೊದಲ ಸಾಲಿನಲ್ಲೇ ಇತ್ತು. ಪ್ರೆಸ್ಸಿನವರು ಹೇಳಿದ್ರು, ನಾನೇ ಕೇಳಿರಲಿಲ್ಲ.

ವಧೂವರರ ಹೆಸರು, ಸರ್ಟಿಫಿಕೇಟ್‌ನ ಹೆಸರಿನ ಸಾಲು, ಅಂಗಡಿಯ ಬೋರ್ಡು, ಇಷ್ಟಕ್ಕೆ ಈ ಅಕ್ಷರ ಚೆನ್ನ. ವಿಳಾಸ, ಫೋನ್ ನಂಬರ್, ಮುಹೂರ್ತದ ಸಮಯಕ್ಕೆ ದಯವಿಟ್ಟು ಬೇಡ. ಅಕ್ಷರಗಳ ನಡುವೆ ಜಾಗ ಹಿಗ್ಗಿಸಲೇಬೇಡಿ, ಹಿಡಿದ ಕೈ ಬಿಟ್ಟುಹೋಗುತ್ತೆ.

ನಮ್ಮ ದೇಶದಲ್ಲಿ ಕೈಬರಹಕ್ಕೆ ಸಿಕ್ಕ ಅತಿ ದೊಡ್ಡ ಮರ್ಯಾದೆ ಅಂದ್ರೆ ಸಂವಿಧಾನದ ಮೂಲ ಪ್ರತಿ. ಇಂಗ್ಲಿಷ್ ಪ್ರತಿ ಅಚ್ಚಿನ ಮೊಳೆಯದ್ದಲ್ಲ. ದೆಹಲಿಯ ಪ್ರೇಮ್ ಬಿಹಾರಿ ನಾರಾಯಣ್ ರಾಯ್ಜಾದಾ ಅದನ್ನು ಇಟಾಲಿಕ್ ಕೈಬರಹದಲ್ಲಿ ಬರೆದರು. ಆ ಪುಟಗಳನ್ನು ಡೆಹ್ರಾಡೂನ್‌ನ ಸರ್ವೆ ಆಫ್ ಇಂಡಿಯಾ ಕಚೇರಿಯಲ್ಲಿ ಫೋಟೋ ತೆಗೆದು ಕಲ್ಲಚ್ಚಿನ ಕ್ರಮದಲ್ಲಿ ಮುದ್ರಿಸಿದರು. ರಾಯ್ಜಾದಾ ದುಡ್ಡು ಬೇಡ ಅಂದು, ತನ್ನ ಹೆಸರೂ ತನಗೆ ಅಕ್ಷರ ಕಲಿಸಿದ ಅಜ್ಜನ ಹೆಸರೂ ಇರಲಿ ಅಂತ ಮಾತ್ರ ಕೇಳಿದ್ರಂತೆ.

ಮತ್ತೆ ಕನ್ನಡದಲ್ಲಿ? ನಮ್ಮಲ್ಲೂ ಲೆಕ್ಕದವರ ಓಟದ ಬರಹ ಇತ್ತು. ಕೂಡಿಸಿ ಕೂಡಿಸಿ ಬರೆದ ಆ ಹಳೇ ಕಾಗದಪತ್ರಗಳ ಅಕ್ಷರಕ್ಕೆ "ಮೋಡಿ" ಅಂತಾರೆ. ಮರಾಠಿಯ ಮೋಡಿ ಲಿಪಿ ಬೇರೆ, ಪೇಶ್ವೆಗಳ ದಫ್ತರವೆಲ್ಲ ಅದರಲ್ಲಿದೆ. ಆದರೆ ಹೆಸರು ನಮ್ಮ ಬಾಯಲ್ಲೂ ಉಳೀತು. ಓದಲಾಗದ ಅಕ್ಷರ ಕಂಡರೆ ನಮ್ಮಜ್ಜಿ "ಇದೇನು ಮೋಡಿ ಅಕ್ಷರ" ಅಂತಿದ್ರು. ವ್ಯಾಪಾರಿಗಳು, ಮಠದವರು ಲೆಕ್ಕ ಬರೀತಿದ್ದದ್ದು ಕಡತದಲ್ಲಿ: ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲು ಬಳಿದು, ಕಪ್ಪು ಮಾಡಿ, ಮಡಿಕೆ ಹಾಕಿ, ಅದರ ಮೇಲೆ ಬಳಪದಲ್ಲಿ ಬರೆಯೋದು. ಶೃಂಗೇರಿ ಮಠದಲ್ಲಿ ಅಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ. ಈಗ ತಾಲೂಕು ಕಚೇರಿಯಲ್ಲಿ "ಕಡತ ವಿಲೇವಾರಿ" ಅಂತ ಬೋರ್ಡ್ ನೋಡ್ತೀರಲ್ಲ, ಆ ಕಡತ ಇದೇ. ಈ ಬರಹಕ್ಕೊಬ್ಬ ಕಾರ್ಟರ್ ಯಾವಾಗ ಸಿಕ್ತಾನೋ ನೋಡಬೇಕು. ಫಾಂಟ್ ಮಾಡುವವರು ಯಾರಾದ್ರೂ ಓದ್ತಾ ಇದ್ರೆ, ನಿಮಗೇ ಹೇಳ್ತಾ ಇರೋದು.

(8)

ಕೊನೆಯ ಪೋಸ್ಟ್. ಇದನ್ನು ಹಾಕಲಾ ಬೇಡವಾ ಅಂತ ಎರಡು ದಿನ ಯೋಚಿಸಿದೆ. ಅಜ್ಜನನ್ನು ಕೇಳಿದೆ, "ಹಾಕು, ಹೆಸರು ಮಾತ್ರ ಕಾಣೋದು ಬೇಡ" ಅಂದ್ರು.

ಅಜ್ಜನಿಗೆ 82. ಅಡಿಕೆ ಮಂಡಿಯೊಂದರಲ್ಲಿ ನಲವತ್ತು ವರ್ಷ ಗುಮಾಸ್ತರಾಗಿದ್ದವರು. ಮೊದಲನೇ ಸ್ಲೈಡ್‌ನಲ್ಲಿ ಅವರ ಹಳೇ ಲೆಡ್ಜರ್‌ನ ಪುಟ ಇದೆ. ಇಂಗ್ಲಿಷ್ ತಲೆಬರಹದ ದುಂಡು ಅಕ್ಷರ ನೋಡಿ. ಫಾಂಟ್ ಪಕ್ಕ ಇಟ್ಟು ನೋಡಿದೆ ನಾನು, ವಾಲುವ ಕೋನ ಹೆಚ್ಚುಕಮ್ಮಿ ಅದೇ. 1962ರಲ್ಲಿ ಮಂಡಿ ಸೇರಿದಾಗಿನಿಂದ ಅವರ ಸಹಿ ಒಂದೇ ಥರ: ಇಂಗ್ಲಿಷ್, ಪೆನ್ನು ಎತ್ತದೆ, ಕೊನೆಯ ಅಕ್ಷರದ ಬಾಲ ಹಿಂದಕ್ಕೆ ತಿರುಗಿ ಇಡೀ ಹೆಸರಿನ ಕೆಳಗೆ ಗೆರೆ ಎಳೆಯುತ್ತೆ.

ಎರಡು ವರ್ಷದಿಂದ ಕೈ ನಡುಗುತ್ತೆ. ಅಕ್ಕನ ಮದುವೆಗೆ ತನ್ನ ಕಡೆಯಿಂದ ಅಂತ ಒಂದು ಚೆಕ್ ಬರೆದುಕೊಟ್ಟಿದ್ರು. ವಾಪಸ್ ಬಂತು. ಕಾರಣ: ಸಹಿ ಹೊಂದಿಕೆಯಾಗುತ್ತಿಲ್ಲ. ಇನ್ನೊಂದು ಬರೆದರು, ಅದೂ ವಾಪಸ್. ಮೂರನೇ ಸಲ ನಾನೇ ಆಟೋದಲ್ಲಿ ಅವರನ್ನು ಕರ್ಕೊಂಡು ಹೋದೆ. ಕೌಂಟರಿನಲ್ಲಿದ್ದವರು ಒರಟಾಗಿ ಮಾತಾಡಲಿಲ್ಲ. ಅವರ ಸ್ಕ್ರೀನ್ ಮೇಲೆ ಹಳೇ ಸಹಿ ಇತ್ತು, ಕೈಯಲ್ಲಿ ಹೊಸದು, ಎರಡೂ ಒಂದೇ ಅಲ್ಲ ಅನ್ನೋದು ನನಗೂ ಕಾಣ್ತಾ ಇತ್ತು. "ತಾತ, ವಯಸ್ಸಾದವರಿಗೆ ಒಂದು ದಾರಿ ಇದೆ. ಇಬ್ಬರು ಸಾಕ್ಷಿ ಇಟ್ಟು ಹೆಬ್ಬೆಟ್ಟು ಹಾಕಬಹುದು" ಅಂದ್ರು.

ನಿಯಮ ಹಾಗೇ ಇದೆ, ಸಹಾಯಕ್ಕೇ ಹೇಳಿದ್ದು. ಆದರೆ ಕನ್ನಡದಲ್ಲಿ "ಹೆಬ್ಬೆಟ್ಟು" ಅಂದ್ರೆ ಏನು ಅರ್ಥ ಅಂತ ನಿಮಗೆ ಗೊತ್ತಲ್ಲ. ಮಂಡಿಗೆ ಬರೋ ರೈತರಿಗೆ ರಸೀದಿ ಓದಿ ಹೇಳಿ, ಅವರ ಹೆಬ್ಬೆರಳಿಗೆ ಶಾಯಿ ಹಚ್ಚಿ ಒತ್ತಿಸಿಕೊಳ್ತಿದ್ದವರು ಅಜ್ಜ. ಏನೂ ಮಾತಾಡದೆ ಎದ್ದು ಬಂದ್ರು. ಆಟೋದಲ್ಲಿ ಮನೆವರೆಗೂ ಮಾತಿಲ್ಲ.

ನಾನು ಈ ಸರಣಿಗೆ ಓದಿದ್ದೆಲ್ಲ ಒಂದು ರಾತ್ರಿ ಅವರಿಗೆ ಹೇಳಿದೆ. ಸ್ನೆಲ್, ಸ್ಟ್ಯಾಂಗೇಪ್, ಎಲ್ಲ. ಸ್ಟ್ಯಾಂಗೇಪ್ ಕತೆಗೆ ಜೋರಾಗಿ ನಕ್ಕರು. "ನಮ್ಮ ಮಂಡಿಯಲ್ಲೂ ಒಬ್ಬ ಇದ್ದ" ಅಂತ ಶುರು ಮಾಡಿ, ಅಜ್ಜಿ ಕಣ್ಣು ಬಿಟ್ಟದ್ದಕ್ಕೆ ನಿಲ್ಲಿಸಿದ್ರು. ಆಮೇಲೆ ಒಂದು ಮಾತು ಹೇಳಿದ್ರು. ಕೂಡಿಸಿ ಬರೆಯುವಾಗ ಕೈಗೆ ಮಧ್ಯೆ ನಿಲ್ಲೋಕೆ ಜಾಗ ಇಲ್ಲ, ಒಂದು ಸಲ ನಡುಗಿದರೆ ಆ ನಡುಕ ಕೊನೇ ಅಕ್ಷರದವರೆಗೂ ಹರಿದುಕೊಂಡು ಹೋಗುತ್ತೆ ಅಂತ.

ಮಾರನೇ ದಿನದಿಂದ ಹಳೇ ಕ್ಯಾಲೆಂಡರ್ ಹಾಳೆಗಳ ಹಿಂದುಗಡೆ ಅವರ ಅಭ್ಯಾಸ ಶುರು. ಇಂಗ್ಲಿಷ್ ಬಿಟ್ಟರು. ಕನ್ನಡದಲ್ಲಿ ಅವರ ಹೆಸರು ಮೂರೇ ಅಕ್ಷರ. ಒಂದು ಅಕ್ಷರ ಬರೆಯೋದು, ಪೆನ್ನು ಎತ್ತೋದು, ಉಸಿರು ಬಿಡೋದು, ಇನ್ನೊಂದು ಬರೆಯೋದು. ಬೆಳಗ್ಗೆ ಕಾಫಿ ಆದ ಮೇಲೆ ಕೈ ಸ್ವಲ್ಪ ಸ್ಥಿರ ಇರುವ ಹೊತ್ತಿನಲ್ಲಿ ಹದಿನೈದು ನಿಮಿಷ. ಮೂರು ವಾರ ಆದ ಮೇಲೆ ಮತ್ತೆ ಬ್ಯಾಂಕಿಗೆ ಹೋಗಿ, ಹೊಸ ಮಾದರಿ ಸಹಿ ಕೊಡ್ತೀನಿ ಅಂದ್ರು. ಫಾರಂ ಕೊಟ್ಟರು. ಮೂರು ಕಡೆ ಸಹಿ ಮಾಡಬೇಕಿತ್ತು. ಹಿಂದೆ ಸಾಲಿನಲ್ಲಿ ಆರು ಜನ ಕಾಯ್ತಾ ಇದ್ರು, ಯಾರೂ ಗೊಣಗಲಿಲ್ಲ.

ಚೆಕ್ ಕಳೆದ ಸೋಮವಾರ ಪಾಸ್ ಆಯ್ತು. ಮದುವೆ ಮುಗಿದು ಹದಿನೆಂಟು ದಿನ ಆಗಿತ್ತು. ಅಕ್ಕ ಮೆಸೇಜ್ ಬಂದದ್ದನ್ನು ಸ್ಕ್ರೀನ್‌ಶಾಟ್ ತೆಗೆದು ಅಜ್ಜನಿಗೆ ಕಳಿಸಿದಳು.

ಕೊನೆಯ ಸ್ಲೈಡ್ ಆ ಕ್ಯಾಲೆಂಡರ್ ಹಾಳೆ. ಹೆಸರಿನ ಮೊದಲ ಎರಡು ಅಕ್ಷರ ಮರೆಮಾಡಿದ್ದೀನಿ. ಮೂರನೇ ಅಕ್ಷರದ ಕೊನೆಯಲ್ಲಿ, ಹಿಂದಕ್ಕೆ ತಿರುಗಿ ಹೆಸರಿನ 밑ಗೆ ಹೊರಟ ಒಂದು ಸಣ್ಣ ಬಾಲ ಇದೆ, ಅರ್ಧಕ್ಕೇ ನಿಂತಿದೆ. ಅದನ್ನು ಬಿಡಿ ಅಜ್ಜ ಅಂದ್ರೂ ಬಿಟ್ಟಿಲ್ಲ.

#ಅಕ್ಷರದ_ಲೆಕ್ಕ #ಕನ್ನಡ_ಇತಿಹಾಸ #ಕೈಬರಹ #ಬಿಕಾಂ_ಬದುಕು